ಹಳೆಯ ಐಷಾರಾಮಿ ಗಾಡಿಗೆ ಸರಿಯಾದ ಬೆಲೆ ಎಷ್ಟು?

2025ರ ಜುಲೈಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಎರಡು ರೋಲ್ಸ್ ರಾಯ್ಸ್ ಕಾರುಗಳ ಮೇಲೆ ಒಟ್ಟು 38 ಲಕ್ಷ 26 ಸಾವಿರ ರೂಪಾಯಿ ತೆರಿಗೆ ಹಾಕಿದ ಸುದ್ದಿಯನ್ನು ಹೆಚ್ಚಿನವರು ಓದಿರಬಹುದು. ಫ್ಯಾಂಟಮ್‌ಗೆ 18.53 ಲಕ್ಷ, ಘೋಸ್ಟ್‌ಗೆ 19.73 ಲಕ್ಷ. ಫ್ಯಾಂಟಮ್ ಹಿಂದೆ ಅಮಿತಾಭ್ ಬಚ್ಚನ್ ಅವರದ್ದು, ಘೋಸ್ಟ್ ಆಮಿರ್ ಖಾನ್ ಅವರದ್ದು. ಈಗ ಎರಡೂ ಇರುವುದು ಕೆಜಿಎಫ್ ಬಾಬು ಎಂದೇ ಹೆಸರಾದ ಯೂಸುಫ್ ಶರೀಫ್ ಅವರ ಬಳಿ. ಕೆಜಿಎಫ್‌ನ ಗುಜರಿ ವ್ಯಾಪಾರದಿಂದ ಮೇಲೆ ಬಂದವರು. 2021ರ ಕೊನೆಗೆ ವಿಧಾನ ಪರಿಷತ್ ಚುನಾವಣೆಗೆ ನಿಂತಾಗ 1,700 ಕೋಟಿಗೂ ಮಿಕ್ಕಿದ ಆಸ್ತಿ ಘೋಷಿಸಿ ರಾಜ್ಯಕ್ಕೆಲ್ಲ ಪರಿಚಯವಾದವರು.

ಸುದ್ದಿ ಬಂದಾಗ ಕೆಜಿಎಫ್, ಬಂಗಾರಪೇಟೆ ಕಡೆ ಅರ್ಧ ಜನಕ್ಕೆ ಹೆಮ್ಮೆ, ಅರ್ಧ ಜನಕ್ಕೆ ನಗು. ಅವರ ಹಣ, ಅವರ ಲೆಕ್ಕ. ಒಬ್ಬರ ಬೆನ್ನ ಹಿಂದೆ ಮಾತಾಡುವುದು ನಮಗೆ ಬೇಡ. ಆದರೆ ಈ ಸುದ್ದಿಯೊಳಗೆ ನಮ್ಮ ಮನೆಗಳಿಗೂ ತಾಗುವ ಒಂದು ವಿಷಯ ಉಂಟು, ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಅದೇ ಫ್ಯಾಂಟಮನ್ನು 2021ರ ಆಗಸ್ಟ್‌ನಲ್ಲಿ ಕೂಡ ಯುಬಿ ಸಿಟಿ ಹತ್ತಿರ ಅಧಿಕಾರಿಗಳು ತಡೆದಿದ್ದರು. ಬಚ್ಚನ್ ಅವರಿಗೆ 6 ಕೋಟಿ ಕೊಟ್ಟು ಕೊಂಡೆ ಎಂದು ಬಾಬು ಅವರು ಆಗ ಹೇಳಿದ್ದು ವರದಿಯಾಗಿತ್ತು. ಕೊಟ್ಟ ಹಣ ಕೋಟಿಗಳಲ್ಲಿ, ಆದರೆ ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ. ಆದ್ದರಿಂದ 2025ರಲ್ಲಿ ಎಷ್ಟೋ ಕಡೆ ತಲೆಬರಹ ಬಂದದ್ದು ಬಚ್ಚನ್, ಆಮಿರ್ ಹೆಸರಿನಲ್ಲಿ! ಮಾರಿ ಕೈತೊಳೆದುಕೊಂಡವರ ಹೆಸರು ಪತ್ರಿಕೆಗೆ, ಕೊಂಡವರ ಜೇಬಿಗೆ 38 ಲಕ್ಷದ ಬರೆ. ಅಂದರೆ ಕೈಯಿಂದ ಕೈಗೆ ದಾಟಿದ ಹಣ ಒಂದು, ಗಾಡಿಯ ನಿಜವಾದ ಬೆಲೆ ಇನ್ನೊಂದು. ಇವೆರಡರ ನಡುವಿನ ಅಂತರ ಯಾವ ಕಾಗದದಲ್ಲಿ ಅಡಗಿದೆ, ಯಾವ ಬಾನೆಟ್‌ನ ಕೆಳಗೆ ಅಡಗಿದೆ ಎಂದು ತಿಳಿಯದೆ ಸರಿಯಾದ ಬೆಲೆ ಹೇಳ್ಲಿಕ್ಕೆ ಸಾಧ್ಯವಿಲ್ಲ.

ರೋಲ್ಸ್ ರಾಯ್ಸ್ ನಮಗೆ ಯಾಕೆ ಮಾರಾಯ್ರೇ ಎಂದು ಕೇಳಬಹುದು. ಸರಿ, ಅದು ಬೇಡ. ಆದರೆ ಎಂಟು, ಹತ್ತು ವರ್ಷ ಹಳೆಯ ಬೆಂಜ್, ಬಿಎಂಡಬ್ಲ್ಯೂ, ಆಡಿ? ಮಂಗಳೂರಿನಿಂದ ಉಪ್ಪಿನಂಗಡಿವರೆಗೆ ಮದುವೆ ಹಾಲ್‌ಗಳ ಎದುರು ನಿಲ್ಲುವ ಗಾಡಿಗಳನ್ನು ನೋಡಿ. ಪುದಿಯಾಪ್ಳೆ ಬರುವ ಗಾಡಿ ಸಣ್ಣದಾದರೆ ಮರ್ಯಾದೆ ಕಡಿಮೆ ಎಂಬ ಒಂದು ಭಾವನೆ ಬಂದುಬಿಟ್ಟಿದೆ. ದುಬೈ, ಜುಬೈಲ್‌ನಲ್ಲಿ ಹತ್ತು ವರ್ಷ ಬೆವರು ಸುರಿಸಿ ಬಂದ ಹುಡುಗನಿಗೆ, ಹೊಸ ಬ್ರೆಝಾ ಕೊಳ್ಳುವ ಹಣದಲ್ಲಿ ಹಳೆಯ ಸಿ-ಕ್ಲಾಸ್ ಸಿಗುತ್ತದೆ ಎಂದರೆ ಆಸೆ ಆಗುವುದು ಸಹಜ. ಮಾರುವವನಿಗೂ ಆ ಆಸೆ ಚೆನ್ನಾಗಿ ಗೊತ್ತು.

ಕೆಜಿಎಫ್, ಬಂಗಾರಪೇಟೆ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಬಣ್ಣ ಉಂಟು. ಇದು ಮೂರು ರಾಜ್ಯ ಕೂಡುವ ಮೂಲೆ. ಒಂದು ಕಡೆ ಆಂಧ್ರದ ಕುಪ್ಪಂ, ಇನ್ನೊಂದು ಕಡೆ ತಮಿಳುನಾಡಿನ ಕೃಷ್ಣಗಿರಿ. ಕೆಎ-08 ಎಷ್ಟು ಕಾಣುತ್ತದೋ ಟಿಎನ್, ಎಪಿ ನಂಬರೂ ಹಾಗೆಯೇ ಕಾಣುತ್ತದೆ. ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ ತೆರೆದ ಮೇಲಂತೂ ಬೆಂಗಳೂರಿನ ಹಳೆಯ ದೊಡ್ಡ ಗಾಡಿಗಳು ಈ ಕಡೆಗೆ ಸುಲಭವಾಗಿ ಬರುತ್ತಿವೆ. ಬ್ರೋಕರ್ ಮೊದಲು ಹೇಳುವ ಮಾತೇ, ಬೇರೆ ಸ್ಟೇಟ್ ನಂಬರ್, ಆದ್ದರಿಂದ ಕಡಿಮೆಗೆ ಬಿಡ್ತಾ ಇದ್ದೇನೆ ಅಂತ.

ಕಡಿಮೆ ಯಾಕೆ? ಇಲ್ಲಿಂದಲೇ ಲೆಕ್ಕ ಶುರುವಾಗಬೇಕು.

ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ ದೇಶದಲ್ಲೇ ಹೆಚ್ಚಿನ ಸಾಲಿನಲ್ಲಿದೆ. 5 ಲಕ್ಷದವರೆಗೆ ಶೇ. 13, 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದರ ಮೇಲೆ ಶೇ. 18, ಸೆಸ್ ಬೇರೆ. ಹೊರ ರಾಜ್ಯದ ಗಾಡಿ ಇಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಓಡಾಡಿದರೆ ಇಲ್ಲಿಯ ತೆರಿಗೆ ಕಟ್ಟಲೇಬೇಕು. ಹೆಚ್ಚಿನವರು ತಪ್ಪು ತಿಳಿಯುವುದು ಎಲ್ಲಿ ಅಂದ್ರೆ, ತೆರಿಗೆ ನೀವು ಕೊಟ್ಟ ಹಣದ ಮೇಲೆ ಬೀಳುವುದಿಲ್ಲ. ಗಾಡಿ ಹೊಸದಿದ್ದಾಗಿನ ಬೆಲೆಯನ್ನು ಹಿಡಿದು, ಅದರ ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡಿ ಹಾಕುತ್ತಾರೆ. ಹೊಸದಾಗಿ 60 ಲಕ್ಷ ಇದ್ದ ಗಾಡಿಯನ್ನು ನೀವು 14 ಲಕ್ಷಕ್ಕೆ ತಂದರೂ ಲೆಕ್ಕ ಹೊರಡುವುದು 60ರಿಂದ. 60 ಲಕ್ಷಕ್ಕೆ ಶೇ. 18 ಅಂದರೆ 10 ಲಕ್ಷ 80 ಸಾವಿರ. ಅದರಲ್ಲಿ ವಯಸ್ಸಿನ ಕಡಿತ ಹೋದ ಮೇಲೂ ಉಳಿಯುವುದು ಸಣ್ಣ ಮೊತ್ತವಲ್ಲ.

ಅಧಿಕಾರಿಗಳು ಕಣ್ಣು ಮುಚ್ಚಿ ಕುಳಿತಿದ್ದ ಕಾಲವೂ ಹೋಯಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹೊರ ರಾಜ್ಯದ ನಂಬರಿನ 30 ಐಷಾರಾಮಿ ಕಾರುಗಳನ್ನು ಹಿಡಿದರು. ಜುಲೈಯಲ್ಲಿ ಒಂದು ಕೆಂಪು ಫೆರಾರಿಯ ಮಾಲೀಕರು ಕಟ್ಟಿದ್ದು 1 ಕೋಟಿ 41 ಲಕ್ಷಕ್ಕೂ ಮಿಕ್ಕಿ. ಅದರ ಬೆನ್ನಿಗೇ ಈ ಎರಡು ರೋಲ್ಸ್ ರಾಯ್ಸ್. ಆದ್ದರಿಂದ ಮುಂಗಡ ಕೊಡುವ ಮೊದಲು ಆರ್‌ಸಿಯ ಪ್ರತಿ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ಇದಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳಿ. ಕೆಜಿಎಫ್‌ನವರಿಗೆ ಕಚೇರಿ ಊರಲ್ಲೇ ಉಂಟು. ಅಲ್ಲಿ ಹೇಳಿದ ಮೊತ್ತವನ್ನು ಬ್ರೋಕರ್ ಹೇಳಿದ ಬೆಲೆಯಿಂದ ಕಳೆಯಿರಿ. ಅದು ಚೌಕಾಸಿ ಅಲ್ಲ, ಬರೀ ಲೆಕ್ಕ.

ಎರಡನೆಯ ವಿಷಯ ಸೆಪ್ಟೆಂಬರ್‌ನದ್ದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಸಣ್ಣ ಕಾರುಗಳಿಗೆ ಶೇ. 18 ಆದದ್ದು ಎಲ್ಲರಿಗೂ ಗೊತ್ತು. ದೊಡ್ಡ ಕಾರುಗಳಿಗೆ ಶೇ. 40 ಎಂದು ಕೇಳಿ ತೆರಿಗೆ ಏರಿತು ಎಂದು ಹಲವರು ತಿಳಿದುಕೊಂಡರು. ಹಾಗಲ್ಲ. ಮೊದಲು 28ರ ಜೊತೆ ಸೆಸ್ ಇತ್ತು. 1500 ಸಿಸಿ ಮೇಲಿನ ಸೆಡಾನ್‌ಗೆ ಸೆಸ್ಸೇ 20, ಒಟ್ಟು 48. ಈಗ ಸೆಸ್ ಇಲ್ಲದೆ 40. ಅಂದರೆ ಶೋರೂಮ್‌ನಲ್ಲಿ 60 ಲಕ್ಷ ಇದ್ದ ಗಾಡಿ ಈ ಲೆಕ್ಕದಲ್ಲಿ 56 ಲಕ್ಷ 76 ಸಾವಿರದ ಹತ್ತಿರ ಬರಬೇಕು. ಮೂರು ಕಾಲು ಲಕ್ಷ ಕಡಿಮೆ. ಅದಕ್ಕೆ ತಕ್ಕ ರಾಜ್ಯದ ತೆರಿಗೆಯಲ್ಲೂ ಸುಮಾರು 58 ಸಾವಿರ ಇಳಿಯುತ್ತದೆ.

ಹೊಸದು ಇಳಿದರೆ ಹಳೆಯದು ಅಲ್ಲಿಯೇ ನಿಲ್ಲುತ್ತದಾ? ಮೂರು ವರ್ಷ ಹಳೆಯ ಗಾಡಿಗೆ ಹೊಸದರ ಶೇ. 60 ಬೆಲೆ ಎಂದು ಇಟ್ಟುಕೊಳ್ಳಿ. ಮೊದಲು 36 ಲಕ್ಷ ಆಗುತ್ತಿದ್ದದ್ದು ಈಗ 34 ಲಕ್ಷ. ಆದರೆ ಮೇ, ಜೂನ್‌ನಲ್ಲಿ ಹೆಚ್ಚು ಕೊಟ್ಟು ಗಾಡಿ ತುಂಬಿಸಿಕೊಂಡ ವ್ಯಾಪಾರಿ ಹಳೆಯ ಬೆಲೆಯನ್ನೇ ಹಿಡಿದು ಕೂತಿರುತ್ತಾನೆ. ಅವನ ಸಂಕಟ ಅರ್ಥವಾಗುತ್ತದೆ, ಆದರೆ ಅವನ ನಷ್ಟವನ್ನು ತುಂಬುವುದು ಗಿರಾಕಿಯ ಕೆಲಸವಲ್ಲ.

ಇನ್ನೊಂದು ಗೊಂದಲ. 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ಹಳೆಯ ವಾಹನಕ್ಕೆ ಶೇ. 18 ಎಂದಾಗ ವಾಟ್ಸ್‌ಆ್ಯಪ್‌ನಲ್ಲಿ ಏನೇನೋ ಹರಿದಾಡಿತು. ಒಬ್ಬ ಮನುಷ್ಯ ತನ್ನ ಕಾರನ್ನು ಇನ್ನೊಬ್ಬನಿಗೆ ಮಾರಿದರೆ ಜಿಎಸ್‌ಟಿಯೇ ಇಲ್ಲ. ನೋಂದಾಯಿತ ವ್ಯಾಪಾರಿ ಕೂಡ ಕಟ್ಟುವುದು ಲಾಭದ ಭಾಗಕ್ಕೆ ಮಾತ್ರ. 10 ಲಕ್ಷಕ್ಕೆ ಕೊಂಡು 11ಕ್ಕೆ ಮಾರಿದರೆ 1 ಲಕ್ಷದ ಮೇಲೆ 18 ಸಾವಿರ. ಯಾರಾದರೂ 11 ಲಕ್ಷ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಎಂದು ಬಿಲ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ದೆಹಲಿಯ ಗಾಡಿಗಳ ಬಗ್ಗೆ ಕೂಡ ಒಂದು ಮಾತು. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧ ಬಂದ ಕಾರಣ ಒಳ್ಳೊಳ್ಳೆಯ ಗಾಡಿಗಳೂ ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬಂದವು. 2025ರ ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ವಯಸ್ಸೊಂದನ್ನೇ ಹಿಡಿದು ಮಾಲೀಕರ ಮೇಲೆ ಬಲವಂತದ ಕ್ರಮ ಸದ್ಯಕ್ಕೆ ಬೇಡ ಎಂದು ಹೇಳಿತು. ಆ ಗಾಡಿ ಅಲ್ಲಿ ಅಗ್ಗವಾದದ್ದು ಕೆಟ್ಟಿದೆ ಎಂದಲ್ಲ, ಓಡಿಸಲು ಬಿಡುವುದಿಲ್ಲ ಎಂದು. ಇಲ್ಲಿಗೆ ಬಂದಾಗ ಎನ್‌ಒಸಿ, ಇಲ್ಲಿಯ ತೆರಿಗೆ, ಸಾಗಾಟ ಸೇರಿ ಅಗ್ಗದ ಹೆಚ್ಚಿನ ಪಾಲು ಕರಗಿಹೋಗುತ್ತದೆ.

ಇನ್ನು ಗಾಡಿಯ ಒಳಗಿನ ಮಾತು. ಕೆಜಿಎಫ್‌ನ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಗಣಿ 2001ರಲ್ಲಿ ಮುಚ್ಚಿದ್ದು ಚಿನ್ನ ಪೂರ್ತಿ ಮುಗಿದದ್ದರಿಂದ ಅಲ್ಲ, ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿದ್ದರಿಂದ. ಹಳೆಯ ಐಷಾರಾಮಿ ಸೆಡಾನ್ ಕೂಡ ಹಾಗೆಯೇ. ಗಾಡಿಯ ಬೆಲೆ ಕಾಲು ಪಾಲಿಗೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಮಾತ್ರ 60 ಲಕ್ಷದ ಗಾಡಿಯದ್ದೇ. ಏರ್ ಸಸ್ಪೆನ್ಷನ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಟರ್ಬೊ ಇವುಗಳಲ್ಲಿ ಒಂದು ಕೈಕೊಟ್ಟರೆ ಬಿಲ್ ಲಕ್ಷಗಳಲ್ಲಿ. ನಾಲ್ಕು ರನ್‌ಫ್ಲಾಟ್ ಟಯರ್ ಬದಲಾಯಿಸಿದ ದಿನ ಮನೆಯವರಿಗೆ ಹೇಳದೆ ಇರುವವರೂ ಇದ್ದಾರೆ! ಕೆಜಿಎಫ್‌ನಿಂದ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ನೂರು ಕಿ.ಮೀ. ಹತ್ತಿರ, ಕೆಟ್ಟು ನಿಂತರೆ ಲಾರಿ ಮೇಲೆ ಹೇರಿಕೊಂಡೇ ಹೋಗಬೇಕು. ಕರಾವಳಿಯವರಿಗೆ ಮಳೆ, ಉಪ್ಪು ಗಾಳಿ, ತುಕ್ಕು.

ಸ್ವಲ್ಪ ಸಮಯದ ಹಿಂದೆ ಒಬ್ಬ ಯುವಕ ಫೋನ್ ಮಾಡಿದ. ಉಸ್ತಾದೇ, 2017ರ ಡೀಸೆಲ್ ಸೆಡಾನ್, ತಮಿಳುನಾಡು ನಂಬರ್, 14 ಹೇಳ್ತಾರೆ, 13ಕ್ಕೆ ಮುಗಿಯುತ್ತದೆ, ತಗೊಳ್ಬಹುದಾ ಅಂತ. ಗಾಡಿ ನೋಡುವ ವಿದ್ಯೆ ನನಗೆ ಗೊತ್ತಿಲ್ಲ. ಹದಿಮೂರು ಎಲ್ಲಿಂದ ಬಂತು ಮೋನೆ ಎಂದು ಮಾತ್ರ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಹದಿನಾಲ್ಕರಲ್ಲಿ ಒಂದು ಕಳೆದಿದ್ದ, ಅಷ್ಟೇ.

ಹೆಚ್ಚಿನ ಕಡೆ ನಡೆಯುವುದೇ ಇದು. ಬೆಲೆ ಹುಟ್ಟಬೇಕಾದದ್ದು ಇನ್ನೊಂದು ತುದಿಯಿಂದ. ಅದೇ ವರ್ಷದ, ಅದೇ ಮಾದರಿಯ ಮೂರು ನಾಲ್ಕು ಗಾಡಿಗಳು ಕರ್ನಾಟಕದ ನಂಬರಿನಲ್ಲಿ, ಒಳ್ಳೆಯ ಸ್ಥಿತಿಯಲ್ಲಿ ಎಷ್ಟಕ್ಕೆ ಮಾರಾಟವಾದವು? ಹೇಳಿದ ಬೆಲೆಯಲ್ಲ, ಮುಗಿದ ಬೆಲೆ. ಇಂಥ ಗಾಡಿ ತಂದರೆ ನೀವೆಷ್ಟು ಕೊಡುತ್ತೀರಿ ಎಂದು ಇಬ್ಬರು ವ್ಯಾಪಾರಿಗಳನ್ನೂ ಕೇಳಿ. ನನ್ನ ಹತ್ತಿರ ಉಂಟು ಎಂದು ಸುಳ್ಳು ಹೇಳ್ಬೇಡಿ, ನೇರವಾಗಿಯೇ ಕೇಳಬಹುದು. ವ್ಯಾಪಾರಿ ಕೊಡುವ ಬೆಲೆಗೂ ಮಾರುವ ಬೆಲೆಗೂ ನಡುವೆ ಎಲ್ಲೋ ಸತ್ಯ ಇರುತ್ತದೆ. ಆಮೇಲೆ ಅದರಿಂದ ತೆರಿಗೆ, ವರ್ಗಾವಣೆ ಖರ್ಚು, ಟಯರ್, ಬ್ಯಾಟರಿ, ಮೊದಲ ವರ್ಷದ ರಿಪೇರಿಗೆಂದು ತೆಗೆದಿಡುವ ಹಣ ಕಳೆಯಿರಿ. ಆ ಹುಡುಗ ಹೀಗೆ ಕಳೆದಾಗ ಅವನಿಗೆ ಸಿಕ್ಕಿದ್ದು ಒಂಬತ್ತೂವರೆ. ಮಾರುವವರು ಒಪ್ಪಲಿಲ್ಲ. ಒಪ್ಪದಿರುವುದು ಅವರ ಹಕ್ಕು.

ವಿಮೆಯವರ ಐಡಿವಿ ನೋಡಿದರೆ ಸಾಲದಾ ಎಂದರೆ, ಅದೊಂದು ಗೆರೆ ಮಾತ್ರ. ಐದು ವರ್ಷಕ್ಕೆ ಅರ್ಧ ಬೆಲೆ ಎಂದು ಅದರ ಪಟ್ಟಿ ಹೇಳುತ್ತದೆ, ಐದರ ಮೇಲೆ ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿದ್ದು. ಸೆಡಾನ್ ಬಿಟ್ಟು ಎಲ್ಲರೂ ಎಸ್‌ಯುವಿ ಕಡೆ ಓಡುವ ಈ ಕಾಲದಲ್ಲಿ ಎತ್ತರ ಕಡಿಮೆಯ ದೊಡ್ಡ ಗಾಡಿಗೆ ಗಿರಾಕಿಗಳೇ ವಿರಳ. ಕೊಳ್ಳುವಾಗ ಇದು ಲಾಭ, ಮುಂದೆ ನೀವೇ ಮಾರುವಾಗ ನಷ್ಟ.

ಶರೀಅತ್ ಇಲ್ಲಿ ಏನು ಹೇಳುತ್ತದೆ? ಬೆಲೆಗೆ ಮಿತಿ ಹಾಕಿಲ್ಲ. ಮದೀನಾದಲ್ಲಿ ಬೆಲೆ ಏರಿದಾಗ ಜನ ಬಂದು ಬೆಲೆ ನಿಗದಿ ಮಾಡಿಕೊಡಿ ಎಂದರೂ ಪ್ರವಾದಿ (ಸ) ಅವರು ಮಾಡಲಿಲ್ಲ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಬರೀ ಹೆಚ್ಚು ಕೊಟ್ಟೆ ಎಂಬ ಕಾರಣಕ್ಕೆ ವ್ಯಾಪಾರ ಮುರಿಯುವ ಹಕ್ಕಿಲ್ಲ, ವಿಚಾರಿಸದೆ ಕೊಂಡದ್ದು ಕೊಂಡವನ ಕೊರತೆ. ಮೋಸ ಇದ್ದರೆ ಮಾತು ಬೇರೆ. ಹಾಲು ಹಿಂಡದೆ ಕೆಚ್ಚಲು ತುಂಬಿಸಿ ಆಡು, ಒಂಟೆ ಮಾರುವುದನ್ನು ಪ್ರವಾದಿ (ಸ) ತಡೆದರು. ಹಾಗೆ ಮೋಸಹೋದವನಿಗೆ ಇಟ್ಟುಕೊಳ್ಳುವ, ಇಲ್ಲವೇ ಒಂದು ಸಾಅ್ ಖರ್ಜೂರದ ಜೊತೆ ಹಿಂದಿರುಗಿಸುವ ಆಯ್ಕೆ ಕೊಟ್ಟರು. ಇದನ್ನು ಕಿತಾಬಿನಲ್ಲಿ ತಸ್‌ರಿಯಾ ಎನ್ನುತ್ತಾರೆ. ಮಕ್ಕಳಿಗೆ ಪಾಠ ಮಾಡುವಾಗ ಕೆಚ್ಚಲು ಅಂದರೆ ಈಗ ಅರ್ಧ ಮಕ್ಕಳಿಗೆ ತಿಳಿಯುವುದಿಲ್ಲ. ಕಾರಿನ ಮೀಟರ್ ಹಿಂದೆ ತಿರುಗಿಸುವುದು ಎಂದರೆ ಕೂಡಲೇ ತಿಳಿಯುತ್ತದೆ! 1 ಲಕ್ಷ 40 ಸಾವಿರ ಓಡಿದ ಗಾಡಿ 62 ಸಾವಿರ ತೋರಿಸಿದರೆ ಅದು ತುಂಬಿಸಿದ ಕೆಚ್ಚಲೇ. ಶೋರೂಮ್‌ನ ಸರ್ವಿಸ್ ದಾಖಲೆ ಕೇಳಿ. ಟಯರ್ ಬದಿಯ ನಾಲ್ಕು ಅಂಕಿ ನೋಡಿ. 3219 ಎಂದಿದ್ದರೆ 2019ರ 32ನೇ ವಾರದಲ್ಲಿ ತಯಾರಾದದ್ದು. ಪೆಡಲಿನ ರಬ್ಬರ್, ಸ್ಟೀರಿಂಗ್‌ನ ಚರ್ಮ ಮೀಟರ್‌ಗಿಂತ ಪ್ರಾಮಾಣಿಕ.

ನೀರಿಗೆ ಬಿದ್ದ ಗಾಡಿ ಇನ್ನೂ ದೊಡ್ಡ ಮೋಸ. 2022ರ ಸೆಪ್ಟೆಂಬರ್‌ನ ಮಳೆಗೆ ಬೆಂಗಳೂರಿನ ಯಮಲೂರು ಕಡೆಯ ಶ್ರೀಮಂತ ಬಡಾವಣೆಯಲ್ಲಿ ಕೋಟಿ ಬೆಲೆಯ ಕಾರುಗಳು ಮುಳುಗಿ ನಿಂತ ಚಿತ್ರ ನೆನಪಿರಬಹುದು. ಚೆನ್ನೈಯಲ್ಲಿ 2015ರಲ್ಲಿ, 2023ರಲ್ಲಿ ಆದದ್ದೂ ಅದೇ. ಹಾಗೆ ಮುಳುಗಿದ ಗಾಡಿ ತೊಳೆಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆದು ಕೆಸರಿನ ಗೆರೆ ಉಂಟಾ ನೋಡಿ. ಕಾರ್ಪೆಟ್ ಎತ್ತಿ ತುಕ್ಕು ನೋಡಿ, ವಿಮೆಯ ಕ್ಲೇಮ್ ಇತಿಹಾಸ ಕೇಳಿ.

ಇದ್ದದ್ದು ಇದ್ದ ಹಾಗೆ, ಆಮೇಲೆ ನನ್ನನ್ನು ಕೇಳ್ಬೇಡಿ ಎಂದು ಮಾರುವುದು ಈಗ ರೂಢಿ. ಗುಜರಿ ಹರಾಜಿನಿಂದ ಬಂದ ಮಾತು ಇರಬೇಕು. ಇಮಾಂ ನವವಿ (ರ) ಅವರ ಮಿನ್ಹಾಜ್ ಈ ವಿಷಯದಲ್ಲಿ ಸ್ಪಷ್ಟ. ಇಂಥ ಷರತ್ತು ಮಾರುವವನನ್ನು ಕಾಪಾಡುವುದು ಪ್ರಾಣಿಯ ಒಳಗಿನ, ಅವನಿಗೇ ಗೊತ್ತಿಲ್ಲದ ದೋಷದಿಂದ ಮಾತ್ರ, ಬೇರೆಯದರಿಂದ ಅಲ್ಲ. ಎಂಜಿನ್ ಕೂಡ ಪ್ರಾಣಿಯ ಹಾಗೆಯೇ, ಒಳಗಿನದ್ದು ಯಾರಿಗೆ ಗೊತ್ತು ಎಂದು ವಾದ ಮಾಡಬಹುದು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸ್ಕ್ಯಾನರ್ ಹಾಕಿದರೆ ಈ ಗಾಡಿಗಳು ತಮ್ಮ ಕಾಯಿಲೆಯನ್ನು ತಾವೇ ಬರೆದು ಕೊಡುತ್ತವೆ. ಗೊತ್ತಿದ್ದೂ ಮುಚ್ಚಿಟ್ಟವನಿಗಂತೂ ಯಾವ ಷರತ್ತೂ ರಕ್ಷಣೆಯಲ್ಲ. ಇಲ್ಲಿಯ ಉರ್ದು ಮಾತಾಡುವ ಸಹೋದರರು ಹನಫಿಗಳು, ಷರತ್ತಿನ ವಿಷಯದಲ್ಲಿ ಅವರ ಮದ್‌ಹಬ್ ಸ್ವಲ್ಪ ಸಡಿಲ. ಆದರೆ ದೋಷ ಮುಚ್ಚಿಡುವುದು ಅಲ್ಲಿಯೂ ಹರಾಮ್. ಇನ್ನೊಬ್ರು ಅಡ್ವಾನ್ಸ್ ಹಿಡಿದು ನಿಂತಿದ್ದಾರೆ ಎಂದು ಇಲ್ಲದ ಗಿರಾಕಿಯನ್ನು ಹುಟ್ಟಿಸುವುದು ನಜ್ಶ್, ಅದೂ ಹರಾಮ್. ಗಾಡಿ ಬೇಡವಾದರೆ ಮುಂಗಡ ಹೋಯಿತು ಎಂಬ ಷರತ್ತಿನ ವ್ಯಾಪಾರವೂ ಶಾಫಿಈ ಮದ್‌ಹಬ್‌ನಲ್ಲಿ ಸಿಂಧುವಲ್ಲ.

ಜರೀರ್ ಇಬ್ನ್ ಅಬ್ದುಲ್ಲಾ (ರ) ಅವರ ಕುದುರೆಯ ಸಂಗತಿ ಉಸ್ತಾದರುಗಳ ಬಾಯಲ್ಲಿ ಕೇಳಿರಬಹುದು. ಅವರ ಸೇವಕ 300 ದಿರ್ಹಮ್‌ಗೆ ಮಾತಾಡಿ ತಂದ ಕುದುರೆಯನ್ನು ನೋಡಿ, ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ತಾವೇ ಏರಿಸುತ್ತಾ ಹೋಗಿ 800 ಕೊಟ್ಟರು. ಎಲ್ಲ ಮುಸ್ಲಿಮರಿಗೂ ಹಿತ ಬಯಸುತ್ತೇನೆ ಎಂದು ಪ್ರವಾದಿಯವರಿಗೆ (ಸ) ಕೊಟ್ಟ ಮಾತು ಅದಕ್ಕೆ ಕಾರಣ. ಗಲ್ಫ್‌ನಿಂದ ಕೆಲಸ ಕಳಕೊಂಡು ಬಂದವನು ತುರ್ತಿಗೆ ಗಾಡಿ ಮಾರುವಾಗ, ಅವನ ಕಷ್ಟ ಗೊತ್ತಿದ್ದು ಅರ್ಧ ಬೆಲೆಗೆ ಎಳೆಯುವವರೂ ನಮ್ಮಲ್ಲಿದ್ದಾರೆ. ಮೋಸ ಮಾರುವವನ ಕಡೆ ಮಾತ್ರ ಇರುವುದಲ್ಲ.

ಈಗ ಮಾರುವವರಿಗೆ. ಬಚ್ಚನ್ ಅವರಿಗೆ ಬಂದದ್ದು ತಲೆಬರಹ ಮಾತ್ರ. ನಿಮಗೆ ಬರುವುದು ಅದಕ್ಕಿಂತ ದೊಡ್ಡದು ಇರಬಹುದು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು ಹಲವು ಕೈ ದಾಟಿತ್ತು, ಅಪಘಾತವಾದಾಗ ದಾಖಲೆಯಲ್ಲಿ ಮೊದಲ ಮಾಲೀಕನ ಹೆಸರೇ ಇತ್ತು. ಪರಿಹಾರದ ಹೊಣೆ ಆ ಹೆಸರಿನವನದ್ದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಮಾರಿದ 14 ದಿನದೊಳಗೆ, ಹೊರ ರಾಜ್ಯಕ್ಕಾದರೆ 45 ದಿನದೊಳಗೆ ಮಾರಿದವನೇ ಆರ್‌ಟಿಒಗೆ ತಿಳಿಸಬೇಕು. ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಮರೆತುಬಿಡುವುದು ನಮ್ಮ ಊರುಗಳ ಹಳೆಯ ಚಾಳಿ. 2023ರ ಏಪ್ರಿಲ್‌ನಿಂದ ಹಳೆಯ ಗಾಡಿಯ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು. ಅಂಥವರಿಗೆ ಗಾಡಿ ಒಪ್ಪಿಸಿ ದಾಖಲೆ ಮಾಡಿಸಿದರೆ ಅಲ್ಲಿಂದ ಹೊಣೆ ಅವರದ್ದು. ಹಣವನ್ನು ಬ್ಯಾಂಕಿನಲ್ಲೇ ತೆಗೆದುಕೊಳ್ಳಿ. 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುವ ಕಾನೂನು 2017ರಿಂದ ಉಂಟು, ಅದು ಬೀಳುವುದು ಪಡೆದವನ ಮೇಲೆ.

ಗಾಡಿ ವ್ಯಾಪಾರ ಮಾಡುವ ನಮ್ಮವರು ಕೇಳುವ ಒಂದು ಪ್ರಶ್ನೆ ಉಳಿದಿದೆ, ಝಕಾತ್. ಮನೆಯ ಬಳಕೆಯ ಕಾರಿಗೆ ಎಷ್ಟೇ ಬೆಲೆಯಿದ್ದರೂ ಝಕಾತ್ ಇಲ್ಲ. ಮಾರಾಟಕ್ಕೆ ನಿಲ್ಲಿಸಿದ ಗಾಡಿಗೆ ಉಂಟು. ವರ್ಷ ತುಂಬಿದ ದಿನ ಹಿಡಿಯಬೇಕಾದದ್ದು ಕೊಂಡ ಬೆಲೆಯಲ್ಲ, ಆ ದಿನದ ಮಾರುಕಟ್ಟೆ ಬೆಲೆ. ಅದರ ಶೇ. 2.5. ಸೆಪ್ಟೆಂಬರ್‌ನ ನಂತರ ಬೆಲೆ ಇಳಿದಿದ್ದರೆ ಇಳಿದ ಬೆಲೆಯನ್ನೇ ಹಿಡಿಯಬಹುದು, ತೆರಿಗೆ ಬಾಕಿ ಇರುವ ಗಾಡಿಗೆ ಆ ಸ್ಥಿತಿಯಲ್ಲಿ ಎಷ್ಟು ಹುಟ್ಟುತ್ತದೋ ಅಷ್ಟೇ. ಆದರೆ ಅಂಗಡಿಯಲ್ಲಿ ಗಿರಾಕಿಗೆ ಹದಿನಾಲ್ಕು ಎಂದು ಆಣೆ ಹಾಕಿ ಹೇಳಿದ ಗಾಡಿಗೆ ಝಕಾತ್ ಪುಸ್ತಕದಲ್ಲಿ ಒಂಬತ್ತು ಎಂದು ಬರೆದರೆ, ಎರಡರಲ್ಲಿ ಒಂದು ಕಡೆ ಸುಳ್ಳು ಉಂಟು.